ಕೊಸರಿಲ್ಲದ ಐದು

ನಲವತ್ತಮೂರು ವರ್ಷದ ನನ್ನ ಸೊಸೆ ಕಬ್ಬಿಣದ ಪೈಪಿಗೆ ಜೋತುಬಿದ್ದಿದ್ದಳು. ನಾನು ಎದುರಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕುಳಿತಿದ್ದೆ. ಅವಳು ಹಲ್ಲು ಕಚ್ಚಿ, ಕುತ್ತಿಗೆಯ ನರ ಉಬ್ಬಿಸಿ ಮೇಲೆ ಹೋದಳು. ಮೂಗು ಪೈಪಿನವರೆಗೆ ಬಂತು. ಗದ್ದ ಬರಲಿಲ್ಲ. ಕೆಳಗೆ ಇಳಿದಳು.

"ಎರಡು" ಎಂದಳು.

"ಒಂದು" ಎಂದೆ ನಾನು.

"ಮಾಮಿ, ಮೂಗು ಬಂದಿತ್ತು."

"ಮೂಗು ಬಂದರೆ ಸಾಕು ಎಂದು ಯಾರು ಹೇಳಿದ್ದು?"

(ಮಾಮಿ ಎಂದರೆ ಅತ್ತೆ. ನಮ್ಮ ತುಳುವಿನಲ್ಲಿ ಹಾಗೆ.)

ನನಗೆ ಈ ಚಿನ್-ಅಪ್ ಎಂಬುದರ ಪರಿಚಯವಾಗಿ ಮೂರು ತಿಂಗಳಾಯಿತು ಅಷ್ಟೆ. ಅಂಗೈಯನ್ನು ನಮ್ಮ ಮುಖದ ಕಡೆ ತಿರುಗಿಸಿ ಪೈಪು ಹಿಡಿಯಬೇಕು. ಕೈ ಪೂರ್ತಿ ನೀಡಿ ನೇತಾಡಬೇಕು. ಅಲ್ಲಿಂದ ಮೈಯನ್ನು ಎಳೆದು ಗದ್ದ ಪೈಪಿನ ಮೇಲೆ ಬರುವ ಹಾಗೆ ಮಾಡಬೇಕು. ಒಂದು ಸಲ ಹೋಗಿ ಬಂದರೆ ಒಂದು ರೆಪ್. ಕೈ ಬಿಡದೆ ಎಷ್ಟು ಮಾಡುತ್ತೀರೋ ಅದು ಒಂದು ಸೆಟ್. ಇಷ್ಟೇ ವಿಷಯ. ಇಷ್ಟಕ್ಕೆ ನಮ್ಮ ಮನೆಯಲ್ಲಿ ಮೂರು ತಿಂಗಳು ಬೇರೆ ಮಾತಿರಲಿಲ್ಲ.

ಶುರುವಾದದ್ದು ಶಾಲೆಯಲ್ಲಿ. ಸೊಸೆ ಹರಿಣಾಕ್ಷಿ ಕಾಪುವಿನ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ಹಳೆ ವಿದ್ಯಾರ್ಥಿಗಳು ಸೇರಿ ಮೈದಾನದ ಮೂಲೆಯಲ್ಲಿ ಎರಡು ಕಂಬ ನೆಟ್ಟು ಒಂದು ಪೈಪು ಹಾಕಿಸಿಕೊಟ್ಟರು. ಹುಡುಗರು ಅದೇ ದಿನದಿಂದ ಮಂಗಗಳ ಹಾಗೆ ನೇತಾಡಲು ಶುರು ಮಾಡಿದರು. ಹುಡುಗಿಯರು ಕಂಬಕ್ಕೆ ಒರಗಿ ಮಾತಾಡಲು ಶುರು ಮಾಡಿದರು.

ಹರಿಣಾಕ್ಷಿಗೆ ಸಿಟ್ಟು ಬಂತು. ಬನ್ನಿ, ನೀವೂ ಹಿಡಿಯಿರಿ ಎಂದಳಂತೆ. ಆಗ ಒಂಬತ್ತನೆಯ ಕ್ಲಾಸಿನ ರಕ್ಷಿತಾ ಎಂಬ ಹುಡುಗಿ, ಅದು ಹುಡುಗಿಯರಿಗೆ ಆಗುವುದಿಲ್ಲ ಟೀಚರ್ ಎಂದಳು. ಉದ್ಧಟತನದಿಂದ ಅಲ್ಲ. ನಾಳೆ ಭಾನುವಾರ ಎಂದು ಹೇಳುತ್ತೇವಲ್ಲ, ಹಾಗೆ.

ಟೀಚರ್ ಸೆರಗು ಸಿಕ್ಕಿಸಿದಳು. (ಪಿ.ಟಿ. ಟೀಚರಿಗೂ ಸೋಮವಾರ ಸೀರೆ. ಯಾಕೆಂದು ನನ್ನನ್ನು ಕೇಳಬೇಡಿ.) ಪೈಪು ಹಿಡಿದಳು. ಒಂದು ಮಾಡಿದಳು. ಎರಡನೆಯದು ಅರ್ಧಕ್ಕೆ ನಿಂತಿತು. ಕೆಳಗೆ ಇಳಿದಾಗ ಮೂವತ್ತು ಹುಡುಗಿಯರು ನೋಡುತ್ತಿದ್ದರು.

"ಒಂದು ಆಯಿತಲ್ಲ ಟೀಚರ್" ಎಂದು ರಕ್ಷಿತಾ ಸಮಾಧಾನ ಮಾಡಿದಳಂತೆ.

ಆ ಸಮಾಧಾನ ಕೇಳಿಯೇ ಹರಿಣಾಕ್ಷಿಗೆ ತಡೆಯಲಾಗಲಿಲ್ಲ. ಹುಡುಗರ ಟೀಮಿಗೆ ಸೇರಲು ಐದು ಮಾಡಬೇಕು ಎಂದು ನಿಯಮ. ಸ್ಪೋರ್ಟ್ಸ್ ಡೇ ದಿನ ಎಲ್ಲರ ಎದುರು ನಾನು ಐದು ಮಾಡುತ್ತೇನೆ, ಮಾಡಿದರೆ ಮರುದಿನದಿಂದ ನೀವೆಲ್ಲ ಪೈಪಿಗೆ ಬರಬೇಕು ಎಂದಳು. ಸ್ಟಾಫ್ ರೂಮಿಗೆ ಸುದ್ದಿ ಮುಟ್ಟಿತು. ಹೆಡ್‌ಮಾಸ್ಟರು ಒಳ್ಳೆಯವರೇ. ಅವರು ನಕ್ಕು, ಆಗಲಿ ಟೀಚರ್, ಆಗದಿದ್ದರೆ ಪೈಪು ಹುಡುಗರಿಗೇ ಇರಲಿ, ಹುಡುಗಿಯರಿಗೆ ಥ್ರೋಬಾಲ್ ಉಂಟಲ್ಲ ಎಂದರು.

ಸ್ಪೋರ್ಟ್ಸ್ ಡೇಗೆ ಹನ್ನೆರಡು ವಾರ ಇತ್ತು.

ಮನೆಗೆ ಬಂದು ಹೇಳಿದಾಗ ನಾನು ಕೇಳಿದ್ದು ಒಂದೇ ಪ್ರಶ್ನೆ. "ನಿನಗೆ ಮರ್ಲಾ? ಮೂರು ಎಂದು ಹೇಳಬಹುದಿತ್ತಲ್ಲ?" (ಮರ್ಲು ಎಂದರೆ ಹುಚ್ಚು.)

"ಮೂರು ಎಂದರೆ ಹುಡುಗಿಯರಿಗೆ ಮೂರು ಸಾಕು ಎಂದು ಆಗುತ್ತದೆ ಮಾಮಿ."

ಮರುದಿನವೇ ವೆಲ್ಡಿಂಗಿನವನನ್ನು ಕರೆಸಿ, ಟೆರೇಸಿನ ಮೇಲೆ ಶೀಟು ಹಾಕಿದ ಜಾಗದಲ್ಲಿ, ಬಟ್ಟೆ ಒಣಗಿಸುವಲ್ಲಿ, ಎರಡು ಕಂಬದ ನಡುವೆ ಗಟ್ಟಿ ಪೈಪು ಹಾಕಿಸಿದೆವು.

ಮಗ ಯೋಗೀಶ ಮಸ್ಕತ್ತಿನಲ್ಲಿದ್ದಾನೆ; ಇಲ್ಲಿ ನಾನು, ಸೊಸೆ, ಅವರ ಮಕ್ಕಳು. ಅಲ್ಲಿ ಜಿಮ್ಮಿಗೆ ಹೋಗುತ್ತಾನೆ (ಹೊಟ್ಟೆ ನೋಡಿದರೆ ಗೊತ್ತಾಗುವುದಿಲ್ಲ). ಅವನು ಹೆಂಡತಿಗೆ ಒಂದು ಆ್ಯಪು ಕಳಿಸಿದ. ಅದರಲ್ಲಿ ಹಸಿರು ಬಣ್ಣದ ಚಾರ್ಟು. ವಾರಕ್ಕೆ ಆರು ದಿನ, ದಿನಕ್ಕೆ ಮೂರು ಸೆಟ್, ಪ್ರತಿ ಸೆಟ್ಟೂ ಕೈ ಸೋಲುವವರೆಗೆ. ಮಾಡಲು ಬರದಾಗ ಸ್ಟೂಲಿನಿಂದ ಹಾರಿ ಮೇಲೆ ಹೋಗಿ ನಿಧಾನ ಇಳಿಯುವುದು. ಮುಗಿದ ಮೇಲೆ ಫೋನು ಚಪ್ಪಾಳೆ ತಟ್ಟುತ್ತದೆ.

ಎಣಿಸುವ ಕೆಲಸ ನನ್ನದಾಯಿತು. ಎಣಿಸುವುದರಲ್ಲಿ ನನಗೆ ಮೋಸ ಮಾಡಿದವರು ಇನ್ನೂ ಹುಟ್ಟಿಲ್ಲ. ಮೂವತ್ತೆರಡು ವರ್ಷ ತಲೆಯ ಮೇಲೆ ಬುಟ್ಟಿ ಹೊತ್ತು ಮೀನು ಮಾರಿದವಳು ನಾನು. ಹೊಟ್ಟೆ ಒಡೆದ ಬೂತಾಯಿ ಮೀನು ಲೆಕ್ಕಕ್ಕಿಲ್ಲ. ಗದ್ದ ದಾಟದ ರೆಪ್ಪೂ ಲೆಕ್ಕಕ್ಕಿಲ್ಲ. ಅದರಲ್ಲಿ ನಾನು ಸರಿಯಾಗಿಯೇ ಇದ್ದೆ.

ತಪ್ಪಿದ್ದು ಬೇರೆ ಕಡೆ.

ಮೀನು ಮಾರುವವರಿಗೆ ಕೊಸರು ಗೊತ್ತು. ನೂರು ಬೂತಾಯಿ ಎಣಿಸಿ ಹಾಕಿದ ಮೇಲೆ ಮೇಲಿಂದ ಎರಡು ಹಾಕಬೇಕು. ಹಾಕದಿದ್ದರೆ ಮನೆಯವರು ಪಾತ್ರೆ ತೆಗೆಯುವುದಿಲ್ಲ, ಹಾಗೆಯೇ ಹಿಡಿದು ನಿಲ್ಲುತ್ತಾರೆ. ಅದು ಮೀನಿನವಳ ಮರ್ಯಾದೆ. ಇಷ್ಟು ವರ್ಷದಲ್ಲಿ ಲೆಕ್ಕ ಎಂದರೆ ಲೆಕ್ಕದ ಮೇಲೊಂದು ಎಂದೇ ನನ್ನ ನಾಲಿಗೆಗೆ ಅಭ್ಯಾಸವಾಗಿದೆ. ಹರಿಣಾಕ್ಷಿ ಪ್ರತಿ ಸೆಟ್ ಮುಗಿಸಿ, ಕೈ ಸೋತು ಇನ್ನೇನು ಬಿಡುತ್ತಾಳೆ ಎನ್ನುವಾಗ, "ಕೊಸರಿಗೆ ಒಂದು ಹಾಕು" ಎನ್ನುತ್ತಿದ್ದೆ.

ಅವಳು ಹಾಕುತ್ತಿದ್ದಳು. ಕಾಲು ಒದೆದು, ಸೊಂಟ ತಿರುಚಿ, ಒಂದು ಭುಜ ಮೇಲೆ ಒಂದು ಭುಜ ಕೆಳಗೆ ಮಾಡಿ, ಹೇಗೋ ಒಂದು ಎಳೆಯುತ್ತಿದ್ದಳು. ನಾನು ಕುರ್ಚಿಯಲ್ಲಿ ಕುಳಿತು ಖುಷಿಪಡುತ್ತಿದ್ದೆ. ಸಾಲದ್ದಕ್ಕೆ ಭಾನುವಾರ, ಆ್ಯಪು ರಜೆ ಕೊಟ್ಟ ದಿನವೂ, ಯಾರಾದರೂ ನೆಂಟರು ಬಂದರೆ ಟೆರೇಸಿಗೆ ಕರೆದುಕೊಂಡು ಹೋಗಿ, ಒಮ್ಮೆ ತೋರಿಸು ಎನ್ನುತ್ತಿದ್ದೆ. ನೆಂಟರಿಗೆ ಚಹಾದ ಮೊದಲು ಸೊಸೆಯ ಚಿನ್-ಅಪ್.

ಎರಡು ವಾರದಲ್ಲಿ ಅವಳು ಎರಡು ಮಾಡಿದಳು. ನಿಜವಾದ ಎರಡು. ಮೂರನೇ ವಾರದಲ್ಲಿ ಪುನಃ ಒಂದು. ಆ ವಾರದ ಕೊನೆಗೆ ತೆಂಗಿನಕಾಯಿ ತುರಿಯಲು ಕುಳಿತವಳು ಅರ್ಧ ಹೋಳು ಮುಗಿಯುವ ಮೊದಲೇ ಎದ್ದಳು. ಮೊಣಕೈಯ ಒಳಬದಿ ನೋವು. ಚಮಚ ಹಿಡಿಯಲು ಆಗುವುದಿಲ್ಲ.

ಮಣಿಪಾಲಕ್ಕೆ ಹೋದೆವು. ಡಾಕ್ಟರು ಕೈ ತಿರುಗಿಸಿ, ಒತ್ತಿ ನೋಡಿದರು. ನರ ಹರಿದಿಲ್ಲ, ಸ್ನಾಯು ಮೂಳೆಗೆ ಅಂಟುವ ಕಡೆ ಎಳೆದುಕೊಂಡಿದೆ, ಎರಡು ವಾರ ಪೈಪು ಮುಟ್ಟಬೇಡಿ, ಆಮೇಲೆ ಕಡಿಮೆಯಿಂದ ಶುರು ಮಾಡಿ ಎಂದರು. ಎಷ್ಟು ಮಾಡುತ್ತಿದ್ದೀರಿ ಎಂದು ಕೇಳಿದರು. ಅವಳು ಹೇಳಿದಳು. ಡಾಕ್ಟರು ಪೆನ್ನು ಕೆಳಗಿಟ್ಟರು.

"ಕೈ ಸೋತ ಮೇಲೆ ಪುನಃ ಒಂದು ಯಾಕೆ?"

ನಾನು ಫ್ಯಾನ್ ನೋಡುತ್ತಿದ್ದೆ. ಮಾಮಿ ಹೇಳಿದ್ದು ಎಂದು ಅವಳು ಹೇಳಬಹುದಿತ್ತು. ಹೇಳಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ, ಉಡುಪಿ ದಾಟಿದ ಮೇಲೆ, ನಾನೇ ಬಾಯಿ ಬಿಟ್ಟೆ. "ತಪ್ಪು ನನ್ನದು."

"ಗೊತ್ತುಂಟು ಮಾಮಿ" ಎಂದು ಕಿಟಕಿಯ ಹೊರಗೆ ನೋಡಿದಳು.

ಅಷ್ಟೇ. ನಾವು ಅತ್ತೆ ಸೊಸೆ ಇದಕ್ಕಿಂತ ಹೆಚ್ಚು ಮಾತಾಡುವವರಲ್ಲ. ಆದರೆ ತಪ್ಪು ನನ್ನದು ಎಂದ ಮೇಲೆ ಸರಿ ಮಾಡುವ ಕೆಲಸವೂ ನನ್ನದೇ ಅಲ್ವಾ?

ಆ ಎರಡು ವಾರ ನಾನು ಕೂತು ಯೋಚಿಸಿದೆ. ನಾನು ಮೊದಲು ಬುಟ್ಟಿ ಹೊತ್ತದ್ದು ಹದಿನೇಳನೇ ವಯಸ್ಸಿನಲ್ಲಿ. ಪಡುಬಿದ್ರಿಯ ಕಡಲಬದಿಯಿಂದ ನಂದಿಕೂರಿನ ಒಳಗಿನ ಮನೆಗಳಿಗೆ. (ಆಗ ಅಲ್ಲಿ ಈಗಿನ ವಿದ್ಯುತ್ ಸ್ಥಾವರದ ಎತ್ತರದ ಚಿಮಣಿ ಇರಲಿಲ್ಲ.) ದಾರಿಯಲ್ಲಿ ಅಲ್ಲಲ್ಲಿ ಹೊರೆ ಇಳಿಸುವ ಕಲ್ಲುಗಳಿದ್ದವು. ಎದೆಯೆತ್ತರಕ್ಕೆ ಕಟ್ಟಿದ್ದು. ತಲೆಯ ಬುಟ್ಟಿಯನ್ನು ಬಗ್ಗದೆ ಅದರ ಮೇಲೆ ಜಾರಿಸಬಹುದು, ಬಗ್ಗದೆ ಪುನಃ ತಲೆಗೆ ಎಳೆದುಕೊಳ್ಳಬಹುದು. ಮೊದಲ ದಿನ ನಾನು ಜಂಬದಿಂದ ಎರಡು ಕಲ್ಲು ಬಿಟ್ಟು ಮುಂದೆ ನಡೆದೆ. ಇನ್ನೂ ಆಗುತ್ತದೆ, ಇನ್ನೂ ಆಗುತ್ತದೆ ಎಂದು. ಮೂರನೆಯ ಕಲ್ಲಿನ ಹತ್ತಿರ ಕುತ್ತಿಗೆ ನಡುಗಿ ಬುಟ್ಟಿಯೇ ಜಾರಿತು. ಮೀನು ಮಣ್ಣಾಯಿತು.

ನನ್ನ ಜೊತೆ ಬರುತ್ತಿದ್ದ ಮುತ್ತಕ್ಕ, ವಯಸ್ಸಾದವರು, ಬೈಯಲಿಲ್ಲ. ಮೀನು ಹೆಕ್ಕುತ್ತಾ ಹೇಳಿದರು. "ಸುಸ್ತಾಗುವ ಮೊದಲು ಇಳಿಸು. ಸುಸ್ತಾದ ಮೇಲೆ ಇಳಿಸಿದರೆ ಎತ್ತುವವರು ಯಾರು?"

ಮರುದಿನದಿಂದ ಪ್ರತಿ ಕಲ್ಲಿನಲ್ಲೂ ಇಳಿಸಿದೆ. ಬೇಕಾಗಲಿ ಬೇಡವಾಗಲಿ. ಒಂದು ತಿಂಗಳಾದ ಮೇಲೆ ಮುತ್ತಕ್ಕ, ಇನ್ನು ಒಂದು ಕಲ್ಲು ಬಿಡು ಎಂದರು. ಆಮೇಲೆ ಇನ್ನೊಂದು. ಮಳೆಗಾಲ ಮುಗಿದು ಪುನಃ ಮೀನು ಶುರುವಾಗುವ ಹೊತ್ತಿಗೆ ನಾನು ನಡುವೆ ಒಂದೇ ಸಲ ಇಳಿಸಿ ನಂದಿಕೂರು ಮುಟ್ಟುತ್ತಿದ್ದೆ. ಕುತ್ತಿಗೆ ನಡುಗಿದ್ದು ಆ ಮೊದಲ ದಿನ ಮಾತ್ರ.

ಇಷ್ಟೆಲ್ಲ ಗೊತ್ತಿದ್ದವಳು ಸೊಸೆಗೆ ಕೊಸರು ಹಾಕಿಸಿದೆ. ಯಾಕೆ? ಕುರ್ಚಿಯಲ್ಲಿ ಕುಳಿತವರಿಗೆ ಕುತ್ತಿಗೆ ನೋಯುವುದಿಲ್ಲ, ಅದಕ್ಕೆ.

ಉಳಿದದ್ದು ಏಳು ವಾರ. ಅಡುಗೆಮನೆಯ ಕ್ಯಾಲೆಂಡರ್ ಇಳಿಸಿ ಅದರ ಚೌಕಗಳಲ್ಲಿ ಬರೆಯಲು ಕುಳಿತೆ. (ಐದನೇ ಕ್ಲಾಸು ಓದಿದವಳಿಗೂ ಅಂಕಿ ಬರೆಯಲು ಬರುತ್ತದೆ.) ಅವಳಿಗೆ ಆಗುತ್ತಿದ್ದದ್ದು ಎರಡು. ಹಾಗಾದರೆ ಸೆಟ್ಟಿಗೆ ಒಂದೇ. ಸೋಮವಾರ, ಬುಧವಾರ, ಶುಕ್ರವಾರ. ಬೆಳಿಗ್ಗೆ ನೀರು ಬಿಸಿಯಾಗುವಾಗ ಒಂದು. ದೋಸೆ ಹಿಟ್ಟು ಕಲಸಿ ಬಂದು ಒಂದು. ಶಾಲೆಗೆ ಹೊರಡುವ ಮೊದಲು ಒಂದು. ಸಂಜೆ ಬಂದ ಮೇಲೆ ಮೂರು, ನಡುವೆ ಬೇಕಾದಷ್ಟು ಹೊತ್ತು ಬಿಟ್ಟು. ದಿನಕ್ಕೆ ಆರು. ಎಲ್ಲವೂ ಗದ್ದ ದಾಟಿದ್ದು, ಎಲ್ಲವೂ ನಿಧಾನ ಇಳಿದದ್ದು. ಉಳಿದ ದಿನ ಪೈಪಿನಲ್ಲಿ ಬಟ್ಟೆ ಒಣಗಿಸುವುದು.

ಹರಿಣಾಕ್ಷಿ ಕ್ಯಾಲೆಂಡರ್ ನೋಡಿ ನಕ್ಕಳು. "ಇದು ಕೆಲಸ ಅಲ್ಲ ಮಾಮಿ, ಆಟ."

ಯೋಗೀಶ ಫೋನಿನಲ್ಲಿ, ಆ್ಯಪಿನಲ್ಲಿ ಹಾಗಿಲ್ಲ ಅಮ್ಮ, ಸೋಲುವವರೆಗೆ ಮಾಡದಿದ್ದರೆ ಬಲ ಬರುವುದಿಲ್ಲ ಎಂದ.

"ಆ್ಯಪಿಗೆ ಮೊಣಕೈ ಉಂಟಾ?" ಎಂದೆ. ಫೋನು ಇಟ್ಟ.

ಮೊದಲ ವಾರ ದಿನಕ್ಕೆ ಆರು. ಎರಡನೆಯ ವಾರ ಎಂಟು. ನೋವು ಬರಲಿಲ್ಲ. ಮೂರನೆಯ ವಾರದಿಂದ ಸಂಜೆಯ ಸೆಟ್ಟುಗಳಲ್ಲಿ ಎರಡೆರಡು. ಆ ವಾರದ ಶುಕ್ರವಾರ ಅವಳು ಕೆಳಗೆ ಇಳಿದು, ಇವತ್ತು ಇನ್ನೂ ಎರಡು ಹಾಕಬಲ್ಲೆ, ಹಾಕಲಾ ಎಂದು ಕೇಳಿದಳು. ಬೇಡ ಎಂದೆ. ಆಗುತ್ತದೆ ಮಾಮಿ ಎಂದಳು. ಆಗುವುದರಿಂದಲೇ ಬೇಡ ಎಂದೆ. ಆ ಮಾತು ಹೇಳಲು ನನಗೆ ಎಷ್ಟು ಕಷ್ಟವಾಯಿತು ಎಂದು ನಿಮಗೆ ಗೊತ್ತಾಗಲಿಕ್ಕಿಲ್ಲ. ನನ್ನ ಜನ್ಮದಲ್ಲಿ ನಾನು ಯಾರಿಗೂ ಲೆಕ್ಕದಷ್ಟೇ ಕೊಟ್ಟವಳಲ್ಲ.

ಒಂದು ಭಾನುವಾರ ನನ್ನ ನಾದಿನಿಯ ಮನೆಯವರು ಬಂದು ಟೆರೇಸಿನ ಮೆಟ್ಟಿಲ ಹತ್ತಿರವೇ ನಿಂತರು, ಎಲ್ಲಿ, ತೋರಿಸಲಿ ಎಂದು. ಇವತ್ತು ಪೈಪಿನಲ್ಲಿ ಬೆಡ್‌ಶೀಟು ಉಂಟು ಎಂದೆ. ನಾದಿನಿ ಮುಖ ಊದಿಸಿಕೊಂಡು ಚಹಾ ಕುಡಿದಳು. ಕುಡಿಯಲಿ.

ನಾಲ್ಕನೆಯ ವಾರ ಅರ್ಧಕ್ಕರ್ಧ ಕಡಿಮೆ ಮಾಡಿಸಿದೆ. ಆ ವಾರದ ಕೊನೆಗೆ ಒಂದೇ ಒಂದು ಸಲ ಪರೀಕ್ಷೆ. ಮೂರು ಬಂತು. ಮೂರೂ ನಾನು ಒಪ್ಪಿದ್ದು. ಹರಿಣಾಕ್ಷಿ ಪೈಪಿನ ಕೆಳಗೆ ನಿಂತು ತನ್ನ ಕೈಯನ್ನು ತಾನೇ ನೋಡಿಕೊಂಡಳು. ಐದನೆಯ ವಾರ ಎಲ್ಲ ಸೆಟ್ಟೂ ಎರಡು. ಆರನೆಯ ವಾರ ಎರಡು, ಮೂರು, ಎರಡು, ಮೂರು. ಪುನಃ ಪರೀಕ್ಷೆ. ನಾಲ್ಕು.

ಐದಕ್ಕೆ ಇನ್ನೊಂದು ಬೇಕು. ಉಳಿದದ್ದು ಒಂದು ವಾರ.

ಈ ವಾರ ದಿನವೂ ಮಾಡಿಬಿಡುತ್ತೇನೆ ಎಂದಳು. ಹೆದರಿದ್ದಳು. ಹೆದರಿದವರು ಯಾವಾಗಲೂ ಹೆಚ್ಚು ಮಾಡುತ್ತಾರೆ, ನೀವು ನೋಡಿದ್ದೀರಾ? ಪರೀಕ್ಷೆಯ ಹಿಂದಿನ ದಿನ ಇಡೀ ಪುಸ್ತಕ ಓದುವುದು, ನೆಂಟರು ಬರುತ್ತಾರೆಂದು ಐದು ಬಗೆ ಪಲ್ಯ ಮಾಡಿ, ಬಡಿಸುವಾಗ ತಲೆ ತಿರುಗಿ ಬೀಳುವುದು. ನಾನು ಸೋಮವಾರ ಮೂರು ಸೆಟ್ ಎರಡೆರಡು ಮಾಡಿಸಿದೆ. ಬುಧವಾರ ಎರಡು ಸೆಟ್ ಒಂದೊಂದು. ಆಮೇಲೆ ಪೈಪಿಗೆ ಬಟ್ಟೆ ಹಾಕಿದೆ. ಸ್ಪೋರ್ಟ್ಸ್ ಡೇ ಶನಿವಾರ.

ನಡುವೆ ಒಂದು ಮಾತು. ಈ ಕೊಸರು ಮೀನಿನ ಬುಟ್ಟಿಯಲ್ಲಿ ಮಾತ್ರ ಇರುವುದೆಂದು ನಾನು ತಿಳಿದಿದ್ದೆ. ಆ ಏಳು ವಾರ ಸೊಸೆಯ ದಿನವನ್ನು ಮೊದಲ ಸಲ ಸರಿಯಾಗಿ ನೋಡಿದೆ. ಶಾಲೆಯಲ್ಲಿ ಪಾಠ ಮುಗಿದ ಮೇಲೆ, ಹೇಗೂ ನೀವು ಇದ್ದೀರಲ್ಲ ಟೀಚರ್ ಎಂದು ಒಂದು ಕೆಲಸ. ಮನೆಗೆ ಬಂದ ಮೇಲೆ, ಹೇಗೂ ನಿಂತಿದ್ದೀಯಲ್ಲ ಎಂದು ನನ್ನದೊಂದು. ಮಲಗುವ ಮೊದಲು ಮಕ್ಕಳದೊಂದು. ಎಲ್ಲವೂ ಸಣ್ಣದು. ಎಲ್ಲವೂ ಮೇಲಿಂದ. ಮೀನು ಮಾರುವವಳು ಕೊಸರು ಕೊಡುವುದು ಬುಟ್ಟಿಯಲ್ಲಿ ಮೀನು ಇದ್ದರೆ. ಬುಟ್ಟಿ ಖಾಲಿಯಾದ ಮೇಲೆ ಕೇಳಿದರೆ ಕೊಡುವುದು ಎಂತದನ್ನು?

ಶನಿವಾರ ನಾನು ಮುಂದಿನ ಸಾಲಿನಲ್ಲಿ ಕುಳಿತಿದ್ದೆ. ಪಕ್ಕದ ಶಾಲೆಯ ಪಿ.ಟಿ. ಮಾಸ್ಟರು ಎಣಿಸುವವರು, ಮೈಕು ಹೆಡ್‌ಮಾಸ್ಟರ ಕೈಯಲ್ಲಿ. ಹರಿಣಾಕ್ಷಿ ಟ್ರ್ಯಾಕ್ ಪ್ಯಾಂಟಿನಲ್ಲಿ ಬಂದಳು. ಹುಡುಗಿಯರು ಪೈಪಿನ ಸುತ್ತ ಅರ್ಧ ವೃತ್ತ ಮಾಡಿ ನಿಂತಿದ್ದರು, ರಕ್ಷಿತಾ ಎದುರಿಗೆ. ಯಾರೂ ಕೂಗಲಿಲ್ಲ. ಮೂವತ್ತು ಹುಡುಗಿಯರು ಸುಮ್ಮನಿರುವುದು ಎಂದರೆ ಏನೆಂದು ಅಧ್ಯಾಪಕರಿಗೆ ಗೊತ್ತು.

ಒಂದು. ಎರಡು. ಮೂರು. ಸೊಂಟ ತಿರುಚಲಿಲ್ಲ, ಕಾಲು ಒದೆಯಲಿಲ್ಲ. ನಾಲ್ಕು ನಿಧಾನವಾಯಿತು. ಪೂರ್ತಿ ಇಳಿದಳು. ನೇತಾಡಿಕೊಂಡೇ ಒಮ್ಮೆ ಉಸಿರು ಎಳೆದಳು.

ಐದನೆಯದು ಅರ್ಧದಲ್ಲಿ ನಿಂತಿತು. ಮೂಗು ಪೈಪಿನ ಹತ್ತಿರ. ಕೈ ನಡುಗುವುದು ನನ್ನ ಕುರ್ಚಿಯವರೆಗೆ ಕಾಣುತ್ತಿತ್ತು. ಹೆಡ್‌ಮಾಸ್ಟರು ಮೈಕಿನಲ್ಲಿ ಐದು ಎಂದೇಬಿಟ್ಟರು. ಎಣಿಸುವ ಮಾಸ್ಟರು ಬೆರಳು ಎತ್ತಲಿಲ್ಲ. ಸರಿಯಾದ ಮನುಷ್ಯ. ಅವಳೂ ಬಿಡಲಿಲ್ಲ. ಅಲ್ಲೇ ನಿಂತಳು, ನಿಂತಳು, ಆಮೇಲೆ ಭುಜ ಹಿಂದಕ್ಕೆ ಹೋಯಿತು, ಗದ್ದ ಮೇಲೆ ಬಂತು. ಮಾಸ್ಟರ ಐದನೆಯ ಬೆರಳು ಆಗ ಎದ್ದಿತು.

ಮೈದಾನ ಗದ್ದಲವಾಯಿತು. ಹುಡುಗರೂ ಕೂಗಿದರು. ಆಗ ಶುರುವಾಯಿತು ನೋಡಿ. ಇನ್ನೊಂದು, ಇನ್ನೊಂದು. ಮೊದಲು ಹುಡುಗಿಯರು, ಆಮೇಲೆ ಎಲ್ಲರೂ. ಹೆಡ್‌ಮಾಸ್ಟರು ಮೈಕಿನಲ್ಲಿ, ಇನ್ನೊಂದು ಆಗಲಿ ಟೀಚರ್ ಎಂದರು. ಅವಳು ಇನ್ನೂ ಪೈಪು ಹಿಡಿದೇ ಇದ್ದಳು. ನನ್ನ ಬಾಯಿಗೂ ಬಂದಿತ್ತು. ನುಂಗಿದೆ.

ಹರಿಣಾಕ್ಷಿ ಕೈ ಬಿಟ್ಟು ಕೆಳಗೆ ಇಳಿದಳು. ಅಂಗೈ ಒರೆಸಿಕೊಂಡಳು.

ಹೆಡ್‌ಮಾಸ್ಟರು, ಯಾಕೆ ಟೀಚರ್, ಒಂದು ಆಗುತ್ತಿತ್ತಲ್ಲ ಎಂದರು, ಮೈಕು ಬಾಯಿಯ ಹತ್ತಿರವೇ ಇತ್ತು.

"ನಾನು ಹೇಳಿದ್ದು ಐದು ಸರ್" ಎಂದಳು. ಅದೂ ಮೈಕಿನಲ್ಲಿ ಕೇಳಿತು.

ಸೋಮವಾರ ಪಿ.ಟಿ. ಪೀರಿಯಡ್‌ಗೆ ಹುಡುಗಿಯರೆಲ್ಲ ಪೈಪಿನ ಹತ್ತಿರ ಬಂದರಂತೆ. ರಕ್ಷಿತಾಳಿಗೆ ಒಂದೂ ಆಗುವುದಿಲ್ಲ. ಸೊಸೆ ಅವಳಿಗೆ ಬರೇ ನೇತಾಡಲು ಹೇಳಿದ್ದಾಳೆ, ಹತ್ತು ಎಣಿಸುವವರೆಗೆ, ಕೈ ನಡುಗುವ ಮೊದಲು ಇಳಿಯಬೇಕು ಎಂದು. ಆಮೇಲೆ ಮುಂದಿನವಳು. ಆಮೇಲೆ ಅದರ ಮುಂದಿನವಳು. ಮೂವತ್ತು ಜನ, ಒಬ್ಬೊಬ್ಬರದ್ದೂ ಬೇರೆ ಬೇರೆ ಅಂಕಿ, ಹರಿಣಾಕ್ಷಿಯ ನೋಟ್‌ಬುಕ್ಕಿನಲ್ಲಿ. ಒಂದು ಸುತ್ತು ಮುಗಿಯಲು ಬಹಳ ಹೊತ್ತು ಬೇಕು. ಹುಡುಗರು ಕಂಬಕ್ಕೆ ಒರಗಿ ತಮ್ಮ ಸರದಿಗೆ ಕಾಯುತ್ತಿದ್ದಾರಂತೆ.

ಕಾಯಲಿ.